ಮೂರು ಸೈಟಿನವರು ಕಟ್ಟಿದರು, ಸಾವಿರ ಕೋಟಿಯವರು ಕಟ್ಟಲಿಲ್ಲ

ಏಪ್ರಿಲ್ ಬಂತೆಂದರೆ ಬೆಂಗಳೂರಿನ ಮನೆ ಮಾಲೀಕರಿಗೆ ಕಂದಾಯದ ನೆನಪಾಗುತ್ತದೆ. ತಿಂಗಳು ಮುಗಿಯುವುದರೊಳಗೆ ಕಟ್ಟಿದರೆ ಶೇ 5 ರಿಯಾಯಿತಿ. ನಮ್ಮ ಬೀದಿಯ ನಿವೃತ್ತ ಮೇಷ್ಟ್ರೊಬ್ಬರು ಪ್ರತಿ ವರ್ಷ ಕಟ್ಟುವಾಗಲೂ ಗೊಣಗುತ್ತಾರೆ. “ಈ ಮನೆಯಿಂದ ನಂಗೆ ಒಂದು ರೂಪಾಯಿ ವರಮಾನ ಇಲ್ಲ. ನಾನೇ ವಾಸ ಇದೀನಿ. ಆದ್ರೂ ತೆರಿಗೆ ಯಾಕೆ ಕಟ್ಬೇಕು?”

ಮೇಷ್ಟ್ರ ಗೊಣಗಾಟಕ್ಕೆ ಅರ್ಥವಿದೆ. ಅವರು ಕಟ್ಟುತ್ತಿರುವುದು ಆಸ್ತಿಯ ಮೇಲಿನ ತೆರಿಗೆ. ಮನೆ ದುಡಿಯಲಿ ಬಿಡಲಿ, ಅದು ಇದೆ ಎಂಬ ಕಾರಣಕ್ಕೇ ಕಟ್ಟಬೇಕು. ಸಾಲವನ್ನು ಕಳೆದು ಲೆಕ್ಕ ಹಾಕುವ ಹಾಗೂ ಇಲ್ಲ. ಮನೆಯ ಮುಕ್ಕಾಲು ಪಾಲು ಬ್ಯಾಂಕಿನದೇ ಆಗಿದ್ದರೂ ಕಂದಾಯ ಪೂರ್ತಿ ಮನೆಗೆ.

ಅದೇ ಊರಿನಲ್ಲಿ ಒಬ್ಬರ ಬಳಿ ಸಾವಿರ ಕೋಟಿ ರೂಪಾಯಿಯ ಷೇರು ಇದೆ ಎಂದುಕೊಳ್ಳಿ. ಅದು ಇದೆ ಎಂಬ ಕಾರಣಕ್ಕೆ ಅವರು ವರ್ಷಕ್ಕೆ ಕಟ್ಟಬೇಕಾದ ತೆರಿಗೆ ಎಷ್ಟು? ಸೊನ್ನೆ. ಸಿರಿವಂತರ ಆಸ್ತಿಗೆ ತೆರಿಗೆ ಹಾಕಬೇಕು ಎಂದಾಗ, ಅದೆಲ್ಲ ಎಲ್ಲೂ ಇಲ್ಲದ ವಿಚಿತ್ರ ಎನ್ನುವವರಿಗೆ ಮೇಷ್ಟ್ರ ಕಂದಾಯದ ರಸೀದಿ ತೋರಿಸಬೇಕು ಅನಿಸುತ್ತದೆ.

ಹಾಗಂತ ಇದು ಸುಲಭದ ಕೆಲಸ ಅಂತ ಅಲ್ಲ. ನಮ್ಮ ದೇಶವೇ ಸಂಪತ್ತು ತೆರಿಗೆ ಎಂಬ ಹೆಸರಿನಲ್ಲಿ ಸುಮಾರು 60 ವರ್ಷ ಇದನ್ನು ಮಾಡಿ ನೋಡಿ, ಕೈಬಿಟ್ಟಿದೆ. ಯಾಕೆ ಕೈಬಿಟ್ಟಿತು ಅನ್ನೋದು ಗೊತ್ತಾದರೆ ಅರ್ಧ ವಿಷಯ ಗೊತ್ತಾದ ಹಾಗೆ.

ಸಂಬಳದವರ ಲೆಕ್ಕ, ಷೇರಿನವರ ಲೆಕ್ಕ

ಮೊದಲು, ಆದಾಯ ತೆರಿಗೆ ಇರುವಾಗ ಇನ್ನೊಂದು ಯಾಕೆ ಎಂಬ ಪ್ರಶ್ನೆ.

ಸಂಬಳದವರ ತೆರಿಗೆ ಕೈಗೆ ದುಡ್ಡು ಬರುವ ಮೊದಲೇ ಕಡಿತವಾಗುತ್ತದೆ. ಹೊಸ ಪದ್ಧತಿಯಲ್ಲಿ 24 ಲಕ್ಷ ರೂಪಾಯಿ ದಾಟಿದ ಆದಾಯಕ್ಕೆ ಶೇ 30, ಅದರ ಮೇಲೆ ಸೆಸ್. ಆದರೆ ದೊಡ್ಡ ಸಿರಿವಂತರು ಸಂಬಳದಿಂದ ಸಿರಿವಂತರಾದವರಲ್ಲ. ಅವರ ಸಂಪತ್ತು ಕಂಪನಿಯ ಷೇರಿನಲ್ಲಿದೆ. ಷೇರಿನ ಬೆಲೆ ಈ ವರ್ಷ 100 ಕೋಟಿ ಏರಿತು ಅಂದರೆ ಅವರು 100 ಕೋಟಿಯಷ್ಟು ಹೆಚ್ಚು ಸಿರಿವಂತರಾದರು. ಕಾನೂನಿನ ಕಣ್ಣಿಗೆ ಮಾತ್ರ ಅದು ಇನ್ನೂ ಆದಾಯ ಅಲ್ಲ. ಮಾರಿದ ದಿನ ಮಾತ್ರ ಆದಾಯ. ಮಾರದೇ ಇದ್ದರೆ?

ಮಾರುವ ಅಗತ್ಯವೇ ಬೀಳದು. ಷೇರು ಅಡವಿಟ್ಟರೆ ಬ್ಯಾಂಕು ಸಾಲ ಕೊಡುತ್ತದೆ. ಸಾಲ ಆದಾಯವಲ್ಲ, ಅದಕ್ಕೆ ತೆರಿಗೆಯೂ ಇಲ್ಲ. ಒಂದು ವೇಳೆ ಮಾರಿದರೂ, ಒಂದು ವರ್ಷಕ್ಕಿಂತ ಜಾಸ್ತಿ ಇಟ್ಟುಕೊಂಡ, ಷೇರುಪೇಟೆಯಲ್ಲಿ ಪಟ್ಟಿಯಾದ ಕಂಪನಿಯ ಷೇರಾದರೆ ಲಾಭದ ಮೇಲೆ ಶೇ 12.5. ಎಷ್ಟೇ ದೊಡ್ಡ ಲಾಭವಿರಲಿ, ಇದರ ಮೇಲಿನ ಸರ್ಚಾರ್ಜ್, ಅಂದರೆ ತೆರಿಗೆಯ ಮೇಲಿನ ತೆರಿಗೆ, ಶೇ 15ಕ್ಕೆ ನಿಲ್ಲುತ್ತದೆ. ಸೆಸ್ ಸೇರಿಸಿದರೂ ಒಟ್ಟು ಶೇ 14.95. ಅಂದರೆ 30 ಲಕ್ಷ ಸಂಬಳದ ಎಂಜಿನಿಯರ್ ತನ್ನ ಕೊನೆಯ ಲಕ್ಷಕ್ಕೆ ಕಟ್ಟುವ ದರ, 300 ಕೋಟಿ ಲಾಭ ಮಾಡಿದ ಷೇರುದಾರ ಕಟ್ಟುವ ದರದ ಎರಡರಷ್ಟು.

ಸಿರಿವಂತರು ಆಸ್ತಿ ಇಟ್ಟುಕೊಂಡು, ಸಾಲದಲ್ಲಿ ಬದುಕಿ, ಸತ್ತಾಗ ತೆರಿಗೆಯಿಲ್ಲದೆ ಮಕ್ಕಳಿಗೆ ಬಿಟ್ಟುಹೋಗುತ್ತಾರೆ ಎಂಬ ಟೀಕೆ ಅಮೆರಿಕದಲ್ಲಿ ಜೋರಾಗಿದೆ. ಅಲ್ಲಿ ಮಾಲೀಕ ಸತ್ತ ದಿನದ ಬೆಲೆಯೇ ವಾರಸುದಾರನಿಗೆ ಕೊಂಡ ಬೆಲೆಯಾಗುತ್ತದೆ, ಹಳೆಯ ಲಾಭವೆಲ್ಲ ಅಳಿಸಿಹೋಗುತ್ತದೆ. ನಮ್ಮಲ್ಲಿ ಹಾಗಿಲ್ಲ. ಅಪ್ಪ ಕೊಂಡ ಬೆಲೆಯನ್ನೇ ಮಗಳ ಲೆಕ್ಕಕ್ಕೂ ಹಿಡಿಯುತ್ತಾರೆ. ಆದರೆ ಅಮೆರಿಕದಲ್ಲಿ ದೊಡ್ಡ ಆಸ್ತಿಗಳಿಗೆ ಉತ್ತರಾಧಿಕಾರದ ಹೊತ್ತಿನಲ್ಲಿ ತೆರಿಗೆ ಇದೆ, ನಮ್ಮಲ್ಲಿ ಅದೂ ಇಲ್ಲ.

ಕಾಲ್ಡೋರ್ ಹೆಣೆದ ಬಲೆ

ನಮ್ಮಲ್ಲೂ ಉತ್ತರಾಧಿಕಾರದ ತೆರಿಗೆ ಇತ್ತು. 1953ರಲ್ಲಿ ಎಸ್ಟೇಟ್ ಡ್ಯೂಟಿ ಎಂಬ ಹೆಸರಿನಲ್ಲಿ ಬಂತು. ಸತ್ತವರ ಆಸ್ತಿ ತುಂಬ ದೊಡ್ಡದಿದ್ದರೆ ಅದರ ಮೇಲ್ಭಾಗಕ್ಕೆ ದರ ಶೇ 85ರವರೆಗೂ ಹೋಗಿತ್ತು. ಆಮೇಲೆ 1956ರಲ್ಲಿ ಕೇಂಬ್ರಿಜ್‌ನ ಅರ್ಥಶಾಸ್ತ್ರಜ್ಞ ನಿಕೋಲಸ್ ಕಾಲ್ಡೋರ್ ಭಾರತ ಸರ್ಕಾರಕ್ಕೆ ಒಂದು ವರದಿ ಕೊಟ್ಟರು. ಅವರ ವಾದ ಬಲು ಸರಳ. ಒಬ್ಬ ಭಿಕ್ಷುಕ ಇದ್ದಾನೆ, ಅವನಿಗೆ ಆದಾಯವಿಲ್ಲ. ಇನ್ನೊಬ್ಬ ತನ್ನ ಸಂಪತ್ತನ್ನೆಲ್ಲ ಚಿನ್ನ, ಒಡವೆ ಮಾಡಿ ಇಟ್ಟುಕೊಂಡಿದ್ದಾನೆ, ಅವನಿಗೂ ಆದಾಯವಿಲ್ಲ. ಆದಾಯ ಮಾತ್ರ ನೋಡಿದರೆ ಇಬ್ಬರೂ ಒಂದೇ. ಇದು ಸರಿಯೇ?

ಅದಕ್ಕೆ ಕಾಲ್ಡೋರ್ ಹೇಳಿದ್ದು ಒಂದು ತೆರಿಗೆಯನ್ನಲ್ಲ, ತೆರಿಗೆಗಳ ಬಲೆಯನ್ನು. ಆದಾಯ, ಆಸ್ತಿ ಮಾರಿದ ಲಾಭ, ಆಸ್ತಿ, ಉಡುಗೊರೆ, ಖರ್ಚು – ಎಲ್ಲಕ್ಕೂ ಸಣ್ಣ ಸಣ್ಣ ದರ. ಒಂದರಲ್ಲಿ ಮುಚ್ಚಿಟ್ಟರೆ ಇನ್ನೊಂದರಲ್ಲಿ ಸಿಕ್ಕಿಬೀಳಬೇಕು. ಜೊತೆಗೆ ಆದಾಯ ತೆರಿಗೆಯ ಗರಿಷ್ಠ ದರವನ್ನು ಶೇ 45ಕ್ಕೆ ಇಳಿಸಿ ಅಂದರು. 1957ರಲ್ಲಿ ಹಣಕಾಸು ಸಚಿವ ಟಿ.ಟಿ. ಕೃಷ್ಣಮಾಚಾರಿ ಸಂಪತ್ತು ತೆರಿಗೆಯನ್ನೂ ಖರ್ಚಿನ ಮೇಲಿನ ತೆರಿಗೆಯನ್ನೂ ತಂದರು. ಮರುವರ್ಷ ಉಡುಗೊರೆ ತೆರಿಗೆ ಬಂತು.

ದರ ಇಳಿಸುವ ಮಾತು ಮಾತ್ರ ಯಾರಿಗೂ ಕೇಳಿಸಲಿಲ್ಲ. 1970ರ ದಶಕದ ಆರಂಭದಲ್ಲಿ ಆದಾಯ ತೆರಿಗೆಯ ಗರಿಷ್ಠ ದರ ಶೇ 97.75 ಆಗಿತ್ತು. ನೂರು ರೂಪಾಯಿಯಲ್ಲಿ ಎರಡೂಕಾಲು ರೂಪಾಯಿ ಮಿಕ್ಕುತ್ತದೆ ಅಂದರೆ ಯಾರು ತಾನೇ ನಿಜ ಹೇಳುತ್ತಾರೆ? ಬಚ್ಚಿಡುವುದೇ ಒಂದು ಕಸುಬಾಯಿತು. ಒಂದೆಡೆ ಭಾರಿ ದರ, ಇನ್ನೊಂದೆಡೆ ವಿನಾಯಿತಿಗಳ ರಾಶಿ, ಇದೇ ಆ ಕಾಲದ ತೆರಿಗೆಯ ಚಹರೆ.

ಕೃಷಿ ಭೂಮಿಯ ಕಥೆ ಬೇರೆಯೇ. ಸಂವಿಧಾನದ ಕೇಂದ್ರ ಪಟ್ಟಿಯ 86ನೇ ನಮೂದು ಆಸ್ತಿಯ ಮೌಲ್ಯದ ಮೇಲೆ ತೆರಿಗೆ ಹಾಕುವ ಅಧಿಕಾರವನ್ನು ಕೇಂದ್ರಕ್ಕೆ ಕೊಡುತ್ತದೆ, ಆದರೆ ಕೃಷಿ ಭೂಮಿಯನ್ನು ಬಿಟ್ಟು. ಆದರೂ 1969ರಲ್ಲಿ ಕೇಂದ್ರ ಅದನ್ನೂ ಸೇರಿಸಿತು. ಪ್ರಕರಣ ಸುಪ್ರೀಂ ಕೋರ್ಟಿಗೆ ಹೋಯಿತು. 1971ರಲ್ಲಿ ಏಳು ನ್ಯಾಯಮೂರ್ತಿಗಳ ಪೀಠ 4–3ರಲ್ಲಿ ಅದು ಸರಿ ಎಂದಿತು. ಕೋರ್ಟಿನಲ್ಲಿ ಗೆದ್ದದ್ದು ರಾಜಕೀಯದಲ್ಲಿ ನಿಲ್ಲಲಿಲ್ಲ. 1980ರ ದಶಕದ ಆರಂಭದಲ್ಲಿ ಕೃಷಿ ಭೂಮಿಯನ್ನು ಮತ್ತೆ ಹೊರಗಿಟ್ಟರು. ಕಾಫಿ, ಟೀ, ರಬ್ಬರ್, ಏಲಕ್ಕಿ ತೋಟಗಳು ಕೊನೆಗೆ ಹೊರಬಂದವು. ಕೊಡಗು, ಚಿಕ್ಕಮಗಳೂರಿನ ಹಳೆಯ ತೋಟದ ಮನೆಗಳಲ್ಲಿ ಈ ತೆರಿಗೆಯ ನೆನಪು ಇನ್ನೂ ಇರಬಹುದು.

1985ರಲ್ಲಿ ಆಗಿನ ಹಣಕಾಸು ಸಚಿವ ವಿ.ಪಿ. ಸಿಂಗ್ ಎಸ್ಟೇಟ್ ಡ್ಯೂಟಿಯನ್ನು ತೆಗೆದರು. ವರ್ಷಕ್ಕೆ ಬರುತ್ತಿದ್ದುದು ಸುಮಾರು 20 ಕೋಟಿ, ಅದರ ಹಿಂದೆ ಓಡುವ ಖರ್ಚೇ ಜಾಸ್ತಿ ಎಂಬುದು ಅವರು ಕೊಟ್ಟ ಕಾರಣ. ಖರ್ಚಿನ ತೆರಿಗೆ ಅಷ್ಟರಲ್ಲಾಗಲೇ ಬಂದು, ಹೋಗಿ, ಮತ್ತೆ ಬಂದು, ಮತ್ತೆ ಹೋಗಿತ್ತು. ಉಡುಗೊರೆ ತೆರಿಗೆ 1998ರಲ್ಲಿ ಹೋಯಿತು.

ಸಂಪತ್ತು ತೆರಿಗೆಗೆ ನಿಜವಾದ ಪೆಟ್ಟು ಬಿದ್ದದ್ದು ರದ್ದಾದಾಗ ಅಲ್ಲ, 1993ರಲ್ಲಿ. ತೆರಿಗೆ ಸುಧಾರಣೆಗೆಂದು ನೇಮಿಸಿದ್ದ ರಾಜಾ ಚೆಲ್ಲಯ್ಯ ಸಮಿತಿಯ ಶಿಫಾರಸಿನ ನಂತರ ಷೇರು, ಬಾಂಡ್, ಠೇವಣಿ ಮುಂತಾದ ಹಣಕಾಸಿನ ಆಸ್ತಿಗಳನ್ನೆಲ್ಲ ಹೊರಗಿಟ್ಟರು. ಅವು ‘ಉತ್ಪಾದಕ’ ಆಸ್ತಿ, ದೇಶದ ಉದ್ಯಮಕ್ಕೆ ಬಂಡವಾಳ ಒದಗಿಸುತ್ತವೆ ಎಂಬುದು ತರ್ಕ. ಆ ಹೊತ್ತಿಗೆ ಅದು ತಪ್ಪು ತರ್ಕವೇನೂ ಆಗಿರಲಿಲ್ಲ. ಒಳಗೆ ಉಳಿದದ್ದು ಹೆಚ್ಚುವರಿ ಮನೆ, ನಗರದ ಖಾಲಿ ಜಾಗ, ಕಾರು, ಒಡವೆ, ವಿಹಾರ ನೌಕೆ, 50 ಸಾವಿರ ದಾಟಿದ ನಗದು. ಕೊನೆಕೊನೆಗೆ ದರ 30 ಲಕ್ಷ ದಾಟಿದ ಮೊತ್ತಕ್ಕೆ ಶೇ 1.

ಇದರ ಫಲ ನೋಡಿ. ಒಬ್ಬರಿಗೆ ಬೆಂಗಳೂರಿನಲ್ಲಿ ತಲಾ ಒಂದು ಕೋಟಿಯ ಮೂರು 40x60 ಸೈಟುಗಳಿವೆ ಅಂದುಕೊಳ್ಳಿ. ಒಂದಕ್ಕೆ ವಿನಾಯಿತಿ. ಉಳಿದ ಎರಡು ಕೋಟಿಯಲ್ಲಿ 30 ಲಕ್ಷ ಕಳೆದರೆ 1.7 ಕೋಟಿ. ತೆರಿಗೆ 1.7 ಲಕ್ಷ. ಇನ್ನೊಬ್ಬರಿಗೆ ಸಾವಿರ ಕೋಟಿಯ ಷೇರು, ಇರಲು ಒಂದು ಮನೆ, ಓಡಾಡಲು ಕಂಪನಿಯ ಹೆಸರಿನ ಕಾರು. ಅವರ ತೆರಿಗೆ ಸೊನ್ನೆ. ಬಲೆಗೆ ತೂತು ಬಿದ್ದದ್ದಲ್ಲ, ದೊಡ್ಡ ಮೀನಿನ ಅಳತೆ ನೋಡಿಯೇ ತೂತು ಬಿಟ್ಟ ಹಾಗಿತ್ತು.

2013–14ರಲ್ಲಿ ಇಡೀ ದೇಶದಿಂದ ಬಂದ ಸಂಪತ್ತು ತೆರಿಗೆ 1,008 ಕೋಟಿ ರೂಪಾಯಿ. ಈ ಅಂಕಿಯನ್ನೇ ಮುಂದಿಟ್ಟು 2015ರ ಬಜೆಟ್‌ನಲ್ಲಿ ಅರುಣ್ ಜೇಟ್ಲಿ ಅದನ್ನು ರದ್ದು ಮಾಡಿದರು. ಬದಲಿಗೆ ಒಂದು ಕೋಟಿ ದಾಟಿದ ಆದಾಯದವರಿಗೆ ಶೇ 2 ಹೆಚ್ಚುವರಿ ಸರ್ಚಾರ್ಜ್ ಹಾಕಿದರು. ಅದರಿಂದ ಸುಮಾರು 9,000 ಕೋಟಿ ಬರುತ್ತದೆಂದು ಅಂದಾಜು. ವಸೂಲಿಯ ದೃಷ್ಟಿಯಿಂದ ಇದು ಜಾಣ ನಡೆ, ಒಪ್ಪಲೇಬೇಕು. ಆದರೆ ಮತ್ತೆ ಅದು ಆದಾಯದ ಮೇಲಿನ ತೆರಿಗೆಯೇ. ಕಾಲ್ಡೋರ್ ಹೇಳಿದ ಒಡವೆಯವನು ಮತ್ತೆ ಭಿಕ್ಷುಕನ ಪಕ್ಕದಲ್ಲೇ ಕೂತ.

ನಮ್ಮಲ್ಲಿ ಸಂಪತ್ತು ತೆರಿಗೆ ಸೋತಿತು ಎನ್ನುವಾಗ ಸೋತದ್ದು ಯಾವುದು ಎಂದು ಕೇಳಬೇಕು. ಸಂಪತ್ತು ಎಲ್ಲಿತ್ತೋ ಅದನ್ನು ಬಿಟ್ಟು ಉಳಿದದ್ದಕ್ಕೆ ಹಾಕಿದ ತೆರಿಗೆ ಸೋತಿತು.

ಬೇರೆಯವರು ಕಲಿತದ್ದು

ಒಇಸಿಡಿ ಗುಂಪಿನ ಶ್ರೀಮಂತ ದೇಶಗಳ ಪೈಕಿ 1990ರಲ್ಲಿ 12 ದೇಶಗಳಲ್ಲಿ ಇಂಥ ತೆರಿಗೆ ಇತ್ತು. 2017ಕ್ಕೆ ನಾಲ್ಕು ಉಳಿದವು: ಫ್ರಾನ್ಸ್, ನಾರ್ವೆ, ಸ್ಪೇನ್, ಸ್ವಿಟ್ಜರ್ಲೆಂಡ್. ಮರುವರ್ಷ ಫ್ರಾನ್ಸ್ ಕೂಡ ಜಮೀನು, ಕಟ್ಟಡಗಳಿಗೆ ಮಾತ್ರ ಸೀಮಿತ ಮಾಡಿಕೊಂಡಿತು.

ಜರ್ಮನಿಯದು ನಮಗೆ ಹತ್ತಿರದ ಕಥೆ. ಅಲ್ಲಿ ಷೇರನ್ನು ಇವತ್ತಿನ ಬೆಲೆಗೆ, ಜಮೀನನ್ನು 1964ರ ಬೆಲೆಯ ಆಧಾರದಲ್ಲಿ ಲೆಕ್ಕ ಹಾಕುತ್ತಿದ್ದರು. ಇದು ಅಸಮಾನ ಎಂದು 1995ರಲ್ಲಿ ಸಾಂವಿಧಾನಿಕ ನ್ಯಾಯಾಲಯ ಹೇಳಿತು. 1997ರಿಂದ ವಸೂಲಿಯೇ ನಿಂತಿತು. ಮಾರ್ಗಸೂಚಿ ದರಕ್ಕೂ ನಿಜವಾದ ಬೆಲೆಗೂ ಇರುವ ಅಂತರವನ್ನು ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಕಂಡವರಿಗೆ ಈ ತೊಂದರೆಯನ್ನು ಬಿಡಿಸಿ ಹೇಳಬೇಕಿಲ್ಲ.

ಸ್ವಿಟ್ಜರ್ಲೆಂಡಿನಲ್ಲಿ ಇದು ನೆಮ್ಮದಿಯಾಗಿ ನಡೆಯುತ್ತಿದೆ. ಕಾರಣ, ಅಲ್ಲಿ ಸಾಮಾನ್ಯ ಹೂಡಿಕೆದಾರರು ಷೇರು ಮಾರಿದ ಲಾಭಕ್ಕೆ ತೆರಿಗೆಯೇ ಇಲ್ಲ, ಇದು ಅದರ ಜಾಗದಲ್ಲಿ ಕೆಲಸ ಮಾಡುತ್ತದೆ. ದರ ಕಡಿಮೆ, ಕಟ್ಟುವವರು ಜಾಸ್ತಿ. ನಾರ್ವೆಯಲ್ಲಿ ಸುಮಾರು ಒಂದೂವರೆ ಕೋಟಿ ರೂಪಾಯಿ ದಾಟಿದ ನಿವ್ವಳ ಆಸ್ತಿಗೇ ತೆರಿಗೆ ಶುರು. ಗರಿಷ್ಠ ದರ 2022ರಲ್ಲಿ ಶೇ 1.1ಕ್ಕೆ ಏರಿದಾಗ ಆ ದೇಶದ ಅತಿ ದೊಡ್ಡ ಸಿರಿವಂತರಲ್ಲಿ ಒಬ್ಬರಾದ ಶೆಲ್ ಇಂಗೆ ರ‍್ಯೊಕ್ಕೆ ಸೇರಿದಂತೆ ಹಲವರು ಸ್ವಿಟ್ಜರ್ಲೆಂಡಿಗೆ ಮನೆ ಬದಲಿಸಿದರು. ಸಂಪತ್ತು ತೆರಿಗೆ ತಪ್ಪಿಸಿಕೊಳ್ಳಲು ಸಂಪತ್ತು ತೆರಿಗೆ ಇರುವ ದೇಶಕ್ಕೇ ಹೋದದ್ದು ತಮಾಷೆಯಾಗಿ ಕಾಣಬಹುದು, ಆದರೆ ಅಲ್ಲಿನ ಒಟ್ಟು ಲೆಕ್ಕ ಅವರಿಗೆ ಲಾಭದ್ದು. ನಾರ್ವೆ ಆಮೇಲೆ ದೇಶ ಬಿಡುವವರ ತೆರಿಗೆಯನ್ನು ಬಿಗಿ ಮಾಡಿತು. 2025ರ ಚುನಾವಣೆಯಲ್ಲಿ ಇದೇ ದೊಡ್ಡ ಚರ್ಚೆಯಾಯಿತು. ತೆರಿಗೆಯನ್ನು ಉಳಿಸುತ್ತೇವೆಂದ ಲೇಬರ್ ಪಕ್ಷವೇ ಅಧಿಕಾರದಲ್ಲಿ ಉಳಿಯಿತು.

ಇತ್ತೀಚಿನ ಜಗಳ ಫ್ರಾನ್ಸಿನದು. ಅರ್ಥಶಾಸ್ತ್ರಜ್ಞ ಗೇಬ್ರಿಯಲ್ ಜುಕ್ಮನ್ ಅವರ ಸಲಹೆ ಹೀಗಿದೆ: 10 ಕೋಟಿ ಯೂರೊ ದಾಟಿದ ಆಸ್ತಿಯವರು ಎಲ್ಲ ತೆರಿಗೆ ಸೇರಿ ವರ್ಷಕ್ಕೆ ತಮ್ಮ ಆಸ್ತಿಯ ಶೇ 2ರಷ್ಟಾದರೂ ಕಟ್ಟಬೇಕು. ಈಗಾಗಲೇ ಅಷ್ಟು ಕಟ್ಟುತ್ತಿದ್ದರೆ ಹೊಸದೇನೂ ಇಲ್ಲ. ಇದರ ವ್ಯಾಪ್ತಿಗೆ ಬರುವುದು ಸುಮಾರು 1,800 ಕುಟುಂಬ. ವಿನಾಯಿತಿ ಒಂದೂ ಇಲ್ಲ, ಅದೇ ಇದರ ಮುಖ್ಯ ಅಂಶ. 2025ರ ಫೆಬ್ರುವರಿಯಲ್ಲಿ ಕೆಳಮನೆ ಒಪ್ಪಿತು, ಜೂನ್‌ನಲ್ಲಿ ಸೆನೆಟ್ ತಿರಸ್ಕರಿಸಿತು. ಅಕ್ಟೋಬರ್‌ನಲ್ಲಿ ಬಜೆಟ್ ಚರ್ಚೆಯ ವೇಳೆ ಕೆಳಮನೆಯೂ ಬೇಡವೆಂದಿತು. ವರ್ಷಕ್ಕೆ 20 ಬಿಲಿಯನ್ ಯೂರೊ ಬರುತ್ತದೆಂದು ಜುಕ್ಮನ್ ಹೇಳಿದರೆ, ವಿರೋಧಿ ಅರ್ಥಶಾಸ್ತ್ರಜ್ಞರು 5 ಬಿಲಿಯನ್ ಬಂದರೆ ಹೆಚ್ಚು ಎಂದರು.

ಇಲ್ಲಿ, ಈಗ

ಭಾರತದ ಬಗ್ಗೆಯೂ ಇಂಥ ಲೆಕ್ಕ ಬಂದಿದೆ. ಅಸಮಾನತೆಯನ್ನು ಅಧ್ಯಯನ ಮಾಡುವ ವರ್ಲ್ಡ್ ಇನಿಕ್ವಾಲಿಟಿ ಲ್ಯಾಬ್ ಎಂಬ ಸಂಶೋಧಕರ ತಂಡ 2024ರಲ್ಲಿ ಕೊಟ್ಟ ಅಂದಾಜಿನ ಪ್ರಕಾರ ದೇಶದ ಒಟ್ಟು ಸಂಪತ್ತಿನ ಶೇ 40.1 ಪಾಲು ಮೇಲಿನ ಶೇ 1 ಜನರ ಕೈಯಲ್ಲಿದೆ. 10 ಕೋಟಿ ದಾಟಿದ ನಿವ್ವಳ ಆಸ್ತಿಗೆ ವರ್ಷಕ್ಕೆ ಶೇ 2, ಉತ್ತರಾಧಿಕಾರದಲ್ಲಿ ಬಂದ 10 ಕೋಟಿ ದಾಟಿದ ಆಸ್ತಿಗೆ ಶೇ 33 ತೆರಿಗೆ ಹಾಕಿದರೆ ಜಿಡಿಪಿಯ ಶೇ 2.73ರಷ್ಟು ಬರುತ್ತದೆ ಎಂದು ಅದೇ ತಂಡ ಹೇಳಿತು. ಇದು ಕಾಗದದ ಮೇಲಿನ ಲೆಕ್ಕ. ಜನ ತಪ್ಪಿಸಿಕೊಳ್ಳುತ್ತಾರೆ, ಟ್ರಸ್ಟ್ ಮಾಡುತ್ತಾರೆ, ಪಾಲು ಮಾಡುತ್ತಾರೆ. ಅರ್ಧ ಬಂದರೂ ಪುಣ್ಯ.

ಶೇ 2 ಅಂದರೆ ಕಿವಿಗೆ ಸಣ್ಣದಾಗಿ ಕೇಳುತ್ತದೆ. ಸಾವಿರ ಕೋಟಿಯವರ ಲೆಕ್ಕ ಹಾಕಿ ನೋಡೋಣ. ತೆರಿಗೆ 19.8 ಕೋಟಿ. ಆ ವರ್ಷ ಆಸ್ತಿ ಶೇ 10 ಬೆಳೆದಿದ್ದರೆ, ಬೆಳೆದ ನೂರು ಕೋಟಿಯಲ್ಲಿ ಐದನೇ ಒಂದು ಪಾಲು ಹೋಯಿತು. ಸಂಬಳದವರಿಗಿಂತ ಕಡಿಮೆಯೇ. ಬೆಳೆದದ್ದು ಶೇ 3 ಮಾತ್ರ ಆಗಿದ್ದರೆ ಮೂರರಲ್ಲಿ ಎರಡು ಪಾಲು ಹೋಯಿತು. ನಷ್ಟವಾಗಿದ್ದರೂ ಕಟ್ಟಬೇಕು. ಜಮೀನು, ಕಟ್ಟಡದವರಿಗೆ ಇನ್ನೂ ಕಷ್ಟ. ಬೆಂಗಳೂರಿನಲ್ಲಿ ಕೋಟಿ ರೂಪಾಯಿಯ ಮನೆಗೆ ತಿಂಗಳಿಗೆ 25 ಸಾವಿರ ಬಾಡಿಗೆ ಬಂದರೆ ವರ್ಷಕ್ಕೆ 3 ಲಕ್ಷ. ಅದರಲ್ಲಿ 2 ಲಕ್ಷ ಈ ತೆರಿಗೆಗೇ ಸರಿ.

ಕಂಪನಿ ಕಟ್ಟಿದವರ ದೂರಿನಲ್ಲೂ ಹುರುಳಿದೆ. ಷೇರುಪೇಟೆಯ ನಿಫ್ಟಿ ಸೂಚ್ಯಂಕದಲ್ಲಿರುವ ದೊಡ್ಡ ಕಂಪನಿಗಳು ಷೇರುದಾರರಿಗೆ ಹಂಚುವ ಲಾಭಾಂಶ (ಡಿವಿಡೆಂಡ್) ಇತ್ತೀಚಿನ ವರ್ಷಗಳಲ್ಲಿ ಸರಾಸರಿ ಷೇರು ಬೆಲೆಯ ಶೇ 1.5ರಷ್ಟೂ ಇಲ್ಲ. ಹಾಗಾದರೆ ಶೇ 2 ಕಟ್ಟಲು ಷೇರನ್ನೇ ಮಾರಬೇಕು. ಪ್ರತಿ ವರ್ಷ ಶೇ 2 ಮಾರುತ್ತ ಹೋದರೆ ಇಂದು ಶೇ 50 ಪಾಲಿರುವ ಸ್ಥಾಪಕರಿಗೆ 20 ವರ್ಷದ ನಂತರ ಉಳಿಯುವುದು ಸುಮಾರು ಶೇ 33. ಕಂಪನಿಯ ಹಿಡಿತ ಸಡಿಲವಾಗುತ್ತದೆ. ದುಡ್ಡಿನ ಬದಲು ಷೇರನ್ನೇ ಸರ್ಕಾರಕ್ಕೆ ಕೊಡಲಿ ಎಂಬ ಸಲಹೆಯೂ ಇದೆ. ಆಮೇಲೆ ಆ ಷೇರನ್ನು ಸರ್ಕಾರ ಏನು ಮಾಡುತ್ತದೆ, ಯಾರಿಗೆ ಮಾರುತ್ತದೆ ಎಂಬುದು ಹೊಸ ತಲೆನೋವು.

ಇನ್ನು ಬೆಲೆ ಕಟ್ಟುವುದು. ಬೆಂಗಳೂರಿನ ಬೈಜೂಸ್ ಕಂಪನಿಯನ್ನೇ ನೋಡಿ. 2022ರಲ್ಲಿ ಹೂಡಿಕೆದಾರರು ಕಟ್ಟಿದ ಬೆಲೆ 22 ಬಿಲಿಯನ್ ಡಾಲರ್. 2024ರ ಜುಲೈನಲ್ಲಿ ಅದು ದಿವಾಳಿ ಪ್ರಕ್ರಿಯೆಯಲ್ಲಿತ್ತು. 2022ರ ಬೆಲೆಗೆ ತೆರಿಗೆ ಕಟ್ಟಿಸಿಕೊಂಡಿದ್ದರೆ, ಎರಡು ವರ್ಷದ ನಂತರ ಅದನ್ನು ವಾಪಸ್ ಕೊಡಬೇಕೇ? ಪಟ್ಟಿಯಾಗದ ಕಂಪನಿಗಳ ವಿಷಯದಲ್ಲಿ ಇದಕ್ಕೆ ಒಳ್ಳೆಯ ಉತ್ತರ ಯಾರ ಬಳಿಯೂ ಇಲ್ಲ.

ಆದರೆ ಪಟ್ಟಿಯಾದ ಕಂಪನಿಗಳ ಮಾತೇ ಬೇರೆ, ಮತ್ತು ನಮ್ಮ ಅತಿ ಸಿರಿವಂತರ ಸಂಪತ್ತಿನ ಬಹುಪಾಲು ಇರುವುದು ಅಲ್ಲೇ. ಷೇರು ಕಾಗದದಲ್ಲಿದ್ದ ಕಾಲ ಹೋಯಿತು. ಈಗ ಎಲ್ಲವೂ ಡಿಮ್ಯಾಟ್, ಎಲ್ಲದಕ್ಕೂ ಪ್ಯಾನ್ ಜೋಡಣೆ. ಪ್ರವರ್ತಕರ, ಅಂದರೆ ಕಂಪನಿಯ ಹಿಡಿತ ಇರುವವರ ಬಳಿ ಎಷ್ಟು ಷೇರಿದೆ, ಎಷ್ಟು ಅಡವಿಟ್ಟಿದ್ದಾರೆ ಎಂಬುದನ್ನು ಕಂಪನಿಗಳು ಮೂರು ತಿಂಗಳಿಗೊಮ್ಮೆ ಬಹಿರಂಗ ಮಾಡಲೇಬೇಕು. ಬೆಲೆ ದಿನವೂ ಪರದೆಯ ಮೇಲೆ ಓಡುತ್ತಿರುತ್ತದೆ. 1993ರಲ್ಲಿ ಬಲೆಯಿಂದ ಹೊರಗೆ ಬಿಟ್ಟ ಆಸ್ತಿಯೇ ಇವತ್ತು ಅಳೆಯಲು ಎಲ್ಲಕ್ಕಿಂತ ಸುಲಭ. ಮಾಲೀಕರು ದುಬೈಗೆ ಹೋಗಬಹುದು, ಕಂಪನಿಯನ್ನು ಸೂಟ್‌ಕೇಸಿನಲ್ಲಿ ಹಾಕಿಕೊಂಡು ಹೋಗಲಾಗದು. ಹಳೆಯ ಕಾನೂನು ಅನಿವಾಸಿಗಳ ಇಲ್ಲಿನ ಆಸ್ತಿಗೂ ತೆರಿಗೆ ಹಾಕುತ್ತಿತ್ತು.

ಹಾಗಾದರೆ ಗೆರೆ ಎಲ್ಲಿ ಎಳೆಯಬೇಕು? ನನಗೆ 10 ಕೋಟಿ ಕಡಿಮೆ ಅನಿಸುತ್ತದೆ. ಜಯನಗರದಲ್ಲಿ ಅಜ್ಜ ಕಟ್ಟಿಸಿದ ಹಳೆಯ ಮನೆಯಲ್ಲಿ ಪಿಂಚಣಿಯಿಂದ ಬದುಕುವವರೂ ಅದರೊಳಗೆ ಬಂದುಬಿಡಬಹುದು. ದೇವನಹಳ್ಳಿಯ ರೈತರನ್ನು ನೆನೆಯಿರಿ. ವಿಮಾನ ನಿಲ್ದಾಣದ ಪಕ್ಕದ ಅವರ ಭೂಮಿಗೆ ಮಾರುಕಟ್ಟೆಯಲ್ಲಿ ಕೋಟಿಗಳ ಬೆಲೆ. ಅವರು ಮಾತ್ರ ಮೂರು ವರ್ಷಕ್ಕೂ ಹೆಚ್ಚು ಕಾಲ ಹೋರಾಡಿ, 2025ರ ಜುಲೈನಲ್ಲಿ 1,777 ಎಕರೆ ಸ್ವಾಧೀನವನ್ನು ಸರ್ಕಾರ ಕೈಬಿಡುವಂತೆ ಮಾಡಿದರು. ಅವರಿಗೆ ಅದು ಉಳುವ ನೆಲ, ಬ್ಯಾಲೆನ್ಸ್ ಶೀಟ್ ಅಲ್ಲ. ಕೃಷಿ ಭೂಮಿಯನ್ನು ಹೊರಗಿಡುವುದಕ್ಕೆ ಇಂಥ ಒಳ್ಳೆಯ ಕಾರಣವಿದೆ. ಅದೇ ಬಾಗಿಲಿನಿಂದ ನೂರಾರು ಎಕರೆಯ ಫಾರ್ಮ್‌ಹೌಸಿನವರೂ ನುಸುಳುತ್ತಾರೆ ಎಂಬುದೂ ನಿಜ.

ಒಮ್ಮೆ ತೆರಿಗೆ ಕಟ್ಟಿ ಉಳಿಸಿದ ದುಡ್ಡಿಗೆ ಮತ್ತೆ ತೆರಿಗೆಯೇ ಎಂಬ ಪ್ರಶ್ನೆ ಸಂಬಳದಿಂದ ಉಳಿಸಿದವರ ಬಾಯಲ್ಲಿ ನ್ಯಾಯವಾದದ್ದು. ಆದರೆ ಸಾವಿರ ಕೋಟಿಯ ಬಹುಪಾಲು ಮಾರದೇ ಇಟ್ಟ ಷೇರಿನ ಏರಿಕೆ. ಅದಕ್ಕೆ ಮೊದಲ ತೆರಿಗೆಯೇ ಬಿದ್ದಿಲ್ಲ, ಎರಡನೆಯದು ಎಲ್ಲಿಂದ ಬಂತು? ಹಾಗಾಗಿ ಗೆರೆ ನೂರಾರು ಕೋಟಿಯ ಮಟ್ಟದಲ್ಲಿರಲಿ, ವಿನಾಯಿತಿ ಸೊನ್ನೆ ಇರಲಿ ಎಂಬುದು ನನ್ನ ಮಾತು. ಅದಕ್ಕೂ ಮೊದಲು ಷೇರು ಲಾಭದ ದರವನ್ನು ಸಂಬಳದ ದರದ ಹತ್ತಿರ ತರುವುದು, ದೊಡ್ಡ ಆಸ್ತಿಗಳಿಗೆ ಉತ್ತರಾಧಿಕಾರ ತೆರಿಗೆ ತರುವುದು ಸುಲಭ. ಸುಲಭ ಅಂದರೆ ಲೆಕ್ಕದಲ್ಲಿ. 2024ರ ಲೋಕಸಭಾ ಚುನಾವಣೆಯ ನಡುವೆ ಕಾಂಗ್ರೆಸ್ ಮುಖಂಡ ಸ್ಯಾಮ್ ಪಿತ್ರೋಡಾ ಅಮೆರಿಕದ ಉತ್ತರಾಧಿಕಾರ ತೆರಿಗೆಯನ್ನು ಉದಾಹರಿಸಿದ್ದೇ ತಡ, ಬಿಜೆಪಿ ಅದನ್ನೇ ಪ್ರಚಾರದ ಅಸ್ತ್ರ ಮಾಡಿಕೊಂಡಿತು. ಕಾಂಗ್ರೆಸ್ ಅದು ಅವರ ಸ್ವಂತ ಅಭಿಪ್ರಾಯ ಎಂದು ದೂರ ಸರಿಯಿತು. ಎಷ್ಟು ಕೋಟಿ ದಾಟಿದವರಿಗೆ ಎಂಬ ಪ್ರಶ್ನೆಯನ್ನು ಯಾರೂ ಕೇಳಲೇ ಇಲ್ಲ.

ತೆರಿಗೆ ಯಾಕೆ, ಸಿರಿವಂತರು ದಾನ ಮಾಡುತ್ತಿದ್ದಾರಲ್ಲ ಎನ್ನುವವರೂ ಇದ್ದಾರೆ. ಕರ್ನಾಟಕದಲ್ಲಿ ಈ ಮಾತಿಗೆ ತೂಕವಿದೆ. ಅಜೀಂ ಪ್ರೇಮ್‌ಜಿ ವಿಪ್ರೊದಲ್ಲಿನ ತಮ್ಮ ಸಂಪತ್ತಿನ ಬಹುಪಾಲನ್ನು ಫೌಂಡೇಷನ್‌ಗೆ ಮೀಸಲಿಟ್ಟಿದ್ದಾರೆ. 2019ರ ಹೊತ್ತಿಗೆ ಅದರ ಮೌಲ್ಯ 1.45 ಲಕ್ಷ ಕೋಟಿ ರೂಪಾಯಿ. ದೇಶದ ಸಂಪತ್ತು ತೆರಿಗೆ ಒಂದು ವರ್ಷದಲ್ಲಿ ತಂದದ್ದು ಇದರ ನೂರನೇ ಒಂದು ಪಾಲೂ ಅಲ್ಲ. ನಮ್ಮ ಸರ್ಕಾರಿ ಶಾಲೆಗಳಲ್ಲಿ ವಾರಕ್ಕೆ ಎರಡು ದಿನ ಕೊಡುತ್ತಿದ್ದ ಮೊಟ್ಟೆಯನ್ನು ಆರು ದಿನಕ್ಕೆ ಏರಿಸಲು 2024ರಲ್ಲಿ ಇದೇ ಫೌಂಡೇಷನ್ ಸರ್ಕಾರದ ಜೊತೆ 1,500 ಕೋಟಿಯ ಒಪ್ಪಂದ ಮಾಡಿಕೊಂಡಿತು. ಮಕ್ಕಳ ತಟ್ಟೆಗೆ ಬಿದ್ದ ಆ ಮೊಟ್ಟೆಯ ಬಗ್ಗೆ ಕೊಂಕು ನುಡಿಯಲು ನನಗೆ ಬಾಯಿ ಬರುವುದಿಲ್ಲ. ಆದರೆ ಒಪ್ಪಂದ ಮೂರು ವರ್ಷದ್ದು. ಅದು ಮುಗಿದ ಮೇಲೆ ಆ ನಾಲ್ಕು ದಿನದ ಮೊಟ್ಟೆಗೆ ದುಡ್ಡು ಕೊಡುವುದೋ ಬೇಡವೋ ಎಂದು ತೀರ್ಮಾನಿಸುವ ಸ್ವಾತಂತ್ರ್ಯ ಕೊಡುವವರಿಗಿದೆ. ಮೇಷ್ಟ್ರಿಗೆ ಕಂದಾಯದ ವಿಷಯದಲ್ಲಿ ಅದಿಲ್ಲ.